ಮಲೆನಾಡಿನ ಮನೆ ಬಾರಿಗೆ ಎಂಥ ಫ್ರಿಜ್?

ಗಾಜಿನ ಬಾಗಿಲಿನ ಫ್ರಿಜ್ ಅಂಗಡಿಯ ದೀಪದಲ್ಲಿ ಚಂದವೇ. ಜುಲೈ ತಿಂಗಳ ಆಗುಂಬೆ, ಹೊಸನಗರದ ಮಳೆಯಲ್ಲಿ ಅದೇ ಗಾಜು ಬೆವರುತ್ತದೆ. ಹೊರಗಿನ ತೇವದ ಗಾಳಿ ತಣ್ಣನೆ ಗಾಜಿಗೆ ತಾಗಿ ನೀರಾಗಿ, ಇಳಿದು, ಕೆಳಗಿನ ಮರದ ಹಲಗೆಯನ್ನು ಉಬ್ಬಿಸುತ್ತದೆ. ಒಂಟಿ ಗಾಜು ಬೇಡವೇ ಬೇಡ. ಎರಡು ಪದರದ, ಶಾಖ ತಡೆಯುವ ತೆಳು 'ಲೋ-ಇ' ಲೇಪನದ ಗಾಜು ಇರಲಿ. ಗಾಜಿಗೆ ಹೀಟರ್ ಇದ್ದರೆ ಇನ್ನೂ ಒಳ್ಳೆಯದು, ಕರೆಂಟು ತುಸು ಹೆಚ್ಚು ಎಳೆಯುತ್ತದೆ ಅಷ್ಟೇ. ನೋಟದ ಹಂಗಿಲ್ಲದವರಿಗೆ ಗಟ್ಟಿ ಬಾಗಿಲೇ ಸರಿ.

ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನಿಂದಲೇ ತಂಪು ಮಾಡುವ, ಸದ್ದು ಕಡಿಮೆಯ ಥರ್ಮೋಎಲೆಕ್ಟ್ರಿಕ್ ಮಾದರಿ ಕೋಣೆಯ ಉಷ್ಣಾಂಶಕ್ಕಿಂತ ಸುಮಾರು 15–20 ಡಿಗ್ರಿ ಮಾತ್ರ ಇಳಿಸಬಲ್ಲದು. ಏಪ್ರಿಲ್‌ನಲ್ಲಿ ಶಿವಮೊಗ್ಗದ ಕೋಣೆ 35 ಡಿಗ್ರಿ ಇದ್ದರೆ ಬಿಯರ್ 15–20ಕ್ಕೇ ನಿಲ್ಲುತ್ತದೆ. ಬಿಯರ್‌ಗೆ ಬೇಕಾದ್ದು 4–7. ಹಾಗಾಗಿ ಕಂಪ್ರೆಸರ್ ಇರುವುದನ್ನೇ ಕೊಳ್ಳಿ, ಹಿಂದಿನ ಚೀಟಿಯಲ್ಲಿ ಕ್ಲೈಮೇಟ್ ಕ್ಲಾಸ್ 'ಟಿ' ಎಂದಿದೆಯೇ ನೋಡಿ. ಅದು 43 ಡಿಗ್ರಿವರೆಗಿನ ಕೋಣೆಗೆ.

'120 ಕ್ಯಾನ್' ಎಂಬ ಲೆಕ್ಕ ಸಾಮಾನ್ಯವಾಗಿ 330 ಅಥವಾ 355 ಮಿ.ಲೀ. ಕ್ಯಾನಿನದು. ನಮ್ಮ 650 ಮಿ.ಲೀ. ಬಾಟಲಿ ನಿಲ್ಲಿಸಲು ಒಂದು ತಟ್ಟೆ ತೆಗೆಯಲೇಬೇಕು. ಬಾಟಲಿಯ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ.

ಹಿಂಬದಿ 10 ಸೆಂ.ಮೀ. ಜಾಗ ಬಿಡಿ. ಅಡಿಕೆ ಮರದ ಕೌಂಟರಿನೊಳಗೆ ತುರುಕಿದರೆ ಬಿಸಿ ಹೊರಹೋಗದೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಘಾಟಿಯಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್. ಮಳೆಗಾಲದ ವೋಲ್ಟೇಜ್ ಕುಣಿತಕ್ಕೆ, ಮರುಚಾಲನೆಗೆ ಮೂರು ನಿಮಿಷ ಕಾಯುವ ಸ್ಟೆಬಿಲೈಸರ್ ಬೇಕು.

ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಗಾಳಿ ನುಗ್ಗುತ್ತಿದೆ. ಬೂಷ್ಟು ಮೊದಲು ಹಿಡಿಯುವುದೂ ಆ ರಬ್ಬರಿನ ಮಡಿಕೆಯನ್ನೇ. ಮುರುಗಲು ಶರಬತ್ತಿನ ಬಾಟಲಿಯನ್ನು ಕೆಳಗಿನ ತಟ್ಟೆಯಲ್ಲಿಡಿ, ಸೋರಿದರೆ ಅದರ ಕಲೆ ಹೋಗುವುದಿಲ್ಲ.