ಕಣ್ಣು ಮುಚ್ಚಿದಾಗ ಕಾಣುವ ಗೆರೆ

ನಾನು ಸೋಲ್‌ನಲ್ಲಿ ಆರು ವರ್ಷ ಇದ್ದು ಬಂದವಳು ಎಂದು ತಿಳಿದರೆ ಸಾಕು, ಮದುವೆ ಮನೆಯಲ್ಲಿ ಯಾವಳಾದರೊಬ್ಬ ಹುಡುಗಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುತ್ತಾಳೆ. ಕೊರಿಯಾದ ಧಾರಾವಾಹಿಗಳನ್ನು ನಿದ್ದೆಗೆಟ್ಟು ನೋಡುವ ಪೀಳಿಗೆ ಅದು. ಪ್ರಶ್ನೆಯೂ ಒಂದೇ: "ಆಂಟಿ, ಅಲ್ಲಿಯವರು ರೆಪ್ಪೆಯ ಮೇಲೆ ಗೆರೆ ಬರಲೆಂದು ಆಪರೇಷನ್ ಮಾಡಿಸಿಕೊಳ್ಳುತ್ತಾರಂತಲ್ಲ, ಗಾಯದ ಕಲೆ ಉಳಿಯುವುದಿಲ್ಲವೇ?"

ಉಳಿಯುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಗೆರೆಯನ್ನು ಹಿಡಿದು ನಿಲ್ಲಿಸುವುದೇ ಒಳಗಿನ ಕಲೆ.

ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಕಣ್ಣು ತೆರೆಯಿರಿ. ನಮ್ಮಲ್ಲಿ ಬಹುತೇಕರಿಗೆ ರೆಪ್ಪೆಯ ಅಂಚಿನಿಂದ ಸ್ವಲ್ಪ ಮೇಲೆ ಚರ್ಮ ಒಳಕ್ಕೆ ಮಡಚಿಕೊಳ್ಳುತ್ತದೆ. ರೆಪ್ಪೆ ಎತ್ತುವ ಸ್ನಾಯುವಿನ ಎಳೆಗಳು ಅಲ್ಲಿ ಚರ್ಮವನ್ನು ಹಿಡಿದಿರುತ್ತವೆ. ಪೂರ್ವ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಈ ಹಿಡಿತ ಇರುವುದಿಲ್ಲ, ಇಲ್ಲವೇ ತೀರಾ ಕೆಳಗಿರುತ್ತದೆ. ಕೊಬ್ಬೂ ಕೆಳಗಿನ ತನಕ ಇಳಿದಿರುತ್ತದೆ. ಶಸ್ತ್ರಚಿಕಿತ್ಸೆ ಮಾಡುವುದಿಷ್ಟೇ: ಇಲ್ಲದ ಹಿಡಿತವನ್ನು ಉಂಟುಮಾಡುವುದು.

ಇದನ್ನು ಅಮೆರಿಕದವರು ಕಲಿಸಿದರು ಎಂಬ ಮಾತು ಬಹಳ ಓಡಾಡುತ್ತದೆ. 1950ರ ದಶಕದಲ್ಲಿ ಕೊರಿಯಾಕ್ಕೆ ಬಂದ ಮಿಲ್ಲರ್ಡ್ ಎಂಬ ಅಮೆರಿಕನ್ ಶಸ್ತ್ರವೈದ್ಯರ ಹೆಸರೇ ಎಲ್ಲರ ಬಾಯಲ್ಲಿ. ಆದರೆ ಜಪಾನಿನ ಮಿಕಾಮೊ ಎಂಬ ವೈದ್ಯರು 1896ರಲ್ಲೇ ಹೊಲಿಗೆಯಿಂದ ಗೆರೆ ಮೂಡಿಸುವ ಬಗೆಯನ್ನು ಪ್ರಕಟಿಸಿದ್ದರು. ಅವರ ಮುಂದಿದ್ದ ಹೆಂಗಸಿಗೆ ಒಂದು ಕಣ್ಣಿಗೆ ಗೆರೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಪಾಶ್ಚಾತ್ಯರ ಕಣ್ಣಲ್ಲ, ತನ್ನದೇ ಇನ್ನೊಂದು ಕಣ್ಣು ಎಂದು ನನಗೆ ಅನಿಸುತ್ತದೆ.

ಹೊಲಿಗೆಯ ವಿಧಾನ ಇಂದಿಗೂ ಇದೆ. ಸೂಜಿಮೊನೆಯಷ್ಟು ರಂಧ್ರಗಳ ಮೂಲಕ ದಾರ ಪೋಣಿಸಿ, ಗಂಟನ್ನು ಚರ್ಮದಡಿಯಲ್ಲೇ ಹೂತುಬಿಡುತ್ತಾರೆ. ಹೊರಗಿನ ಕಲೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ದಾರದ ಹಿಡಿತವನ್ನು ಎಷ್ಟು ನಂಬಲಾದೀತು? ದಪ್ಪ ರೆಪ್ಪೆಯವರಲ್ಲಿ ಕೆಲವು ವರ್ಷಗಳಲ್ಲಿ ಗೆರೆ ಸಡಿಲವಾಗಿ ಮಾಸಿಹೋಗುವುದುಂಟು. ತೆಳು ಚರ್ಮದವರು ಕಣ್ಣು ಮುಚ್ಚಿದರೆ ಗಂಟು ಸಾಸಿವೆ ಕಾಳಿನಂತೆ ಎದ್ದು ತೋರುವುದೂ ಉಂಟು.

ಕೊಯ್ಯುವ ವಿಧಾನದಲ್ಲಿ ರೆಪ್ಪೆಯ ಉದ್ದಕ್ಕೂ ಸೀಳಿ, ಬೇಕಿದ್ದರೆ ಹೆಚ್ಚಿನ ಚರ್ಮ, ಕೊಬ್ಬು ತೆಗೆದು, ಚರ್ಮವನ್ನು ಒಳಗಿನ ಪದರಕ್ಕೆ ಸೇರಿಸಿ ಹೊಲಿಯುತ್ತಾರೆ. ಒಂದು ವಾರದೊಳಗೆ ಹೊಲಿಗೆ ಬಿಚ್ಚುತ್ತಾರೆ. ಗಾಯ ಮಾಗುವಾಗ ಪದರಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡರ ನಡುವೆ, ಚಿಕ್ಕದಾಗಿ ಸೀಳುವ ವಿಧಾನವೂ ಒಂದಿದೆ.

ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬಳು ಚಳಿಗಾಲದ ರಜೆಯಲ್ಲಿ ಉದ್ದಕ್ಕೂ ಕೊಯ್ಯುವ ವಿಧಾನದಲ್ಲೇ ಇದನ್ನು ಮಾಡಿಸಿಕೊಂಡು ಬಂದಳು. ಎರಡು ತಿಂಗಳ ನಂತರ ಎದುರು ಕುಳಿತು ಊಟ ಮಾಡುತ್ತಿದ್ದೆ. ಮಾತನಾಡುವಾಗ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಸಾರನ್ನು ಊದಲು ಅವಳು ತಲೆ ತಗ್ಗಿಸಿದಳು ನೋಡಿ, ಎರಡೂ ರೆಪ್ಪೆಗಳ ಮೇಲೆ ನಸುಗೆಂಪು ದಾರ ಎಳೆದಂತಹ ಗೆರೆ. ತಲೆ ಎತ್ತಿದಳು, ಮಾಯ. ವರ್ಷ ಕಳೆಯುವಷ್ಟರಲ್ಲಿ ಅದು ಬಿಳಿಚಿ ಚರ್ಮದ ಬಣ್ಣಕ್ಕೆ ತಿರುಗಿತ್ತು.

ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು, ಚೆನ್ನಾಗಿ ಕೂಡಿಕೊಳ್ಳುತ್ತದೆ. ಕಿವಿ ಚುಚ್ಚಿಸಿದರೆ ಗಂಟುಗಟ್ಟುವವರು ಕೀಲಾಯ್ಡ್, ಅಂದರೆ ಗಾಯದ ಕಲೆ ಉಬ್ಬಿ ಬೆಳೆಯುವುದು, ಅದರ ಭಯದಿಂದ ಕೇಳುತ್ತಾರೆ. ರೆಪ್ಪೆಯಲ್ಲಿ ಅದು ತೀರಾ ಅಪರೂಪ. ನನ್ನ ದೊಡ್ಡಮ್ಮನ ಜೋತುಬಿದ್ದ ರೆಪ್ಪೆಯನ್ನು ಎತ್ತಿದಾಗ ನಮ್ಮೂರ ವೈದ್ಯರೂ ಗೆರೆಯಲ್ಲೇ ಕೊಯ್ದಿದ್ದರು. ಈಗ ಹುಡುಕಿದರೂ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಹೆದರಬೇಕಾದದ್ದು ಬೇರೆ ಎರಡಕ್ಕೆ. ಒಂದು, ಗೆರೆಯನ್ನು ತೀರಾ ಮೇಲೆ ಇಡಿಸಿಕೊಳ್ಳುವುದು. ಆಗ ಗೆರೆಯ ಕೆಳಗಿನ ಭಾಗ ಊದಿದಂತೆಯೇ ಉಳಿದು, ಕಲೆ ಹಳ್ಳವಾಗಿ ತೋರುತ್ತದೆ. ಮೇಲಿನ ಗೆರೆಯನ್ನು ಕೆಳಗಿಳಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಬಹಳ ಕಷ್ಟ. ಇನ್ನೊಂದು, ಕಣ್ಣು ಉದ್ದ ಕಾಣಲೆಂದು ಮೂಗಿನ ಕಡೆಯ ಮೂಲೆಯನ್ನೂ ಸೀಳಿಸುವುದು. ಅಲ್ಲಿ ಚರ್ಮ ದಪ್ಪ, ಎಳೆತ ಹೆಚ್ಚು, ಕಲೆಯನ್ನು ಮುಚ್ಚಿಡಲು ಮಡಿಕೆಯೂ ಇಲ್ಲ.

ಸೋಲ್‌ನ ಆಪ್‌ಗುಜಂಗ್ ರೈಲು ನಿಲ್ದಾಣದ ಸುತ್ತ ಸಾಲುಸಾಲು ಕ್ಲಿನಿಕ್‌ಗಳಿವೆ. ಅವುಗಳ ಜಾಹೀರಾತಿನಲ್ಲಿ ನಾನು ಕಂಡ ಹುಡುಗಿಯರೆಲ್ಲ ಕಣ್ಣರಳಿಸಿಯೇ ನಿಂತಿದ್ದರು. ಯಾರಾದರೂ ನಿಜವಾಗಿಯೂ ಹೊರಟಿದ್ದರೆ, ಆರು ತಿಂಗಳ ನಂತರ ಕಣ್ಣು ಮುಚ್ಚಿಸಿ ತೆಗೆದ ಫೋಟೊ ತೋರಿಸಿ ಎಂದು ವೈದ್ಯರನ್ನು ಕೇಳಿ.