ಕಾಳಿ ಬಿಟ್ಟು ಅಘನಾಶಿನಿಗೆ

ದೀಪಾವಳಿ ಅಮಾವಾಸ್ಯೆ ಕಳೆದು ಎರಡು ದಿನ ಆಗಿತ್ತು. ಬೆಳಗಿನ ಜಾವ 4 ಗಂಟೆಗೆ ಕಾರವಾರದ ಕೋಡಿಬಾಗದಿಂದ ಬೈಕಿನಲ್ಲಿ ಹೊರಟೆ. ಅಂಕೋಲೆ, ಗಂಗಾವಳಿ ಸೇತುವೆ, ಹಿರೇಗುತ್ತಿ ದಾಟಿ ಅಘನಾಶಿನಿ ಹೊಳೆಯ ಮಿರ್ಜಾನ್ ತಲುಪಿದಾಗ ಇನ್ನೂ ಕತ್ತಲೆ. 15 ವರ್ಷದಿಂದ ನಮ್ಮ ಕಾಳಿ ಹೊಳೆಯಲ್ಲಿ ಮಾತ್ರ ಗಾಳ ಹಾಕಿದವನು ನಾನು. ಅಘನಾಶಿನಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಕಾಳಿಯಲ್ಲಾದರೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರಾ ಅಂತ ಮೊದಲು ವಿಚಾರಿಸುತ್ತೇನೆ. ಅಘನಾಶಿನಿಗೆ ಅಂಥ ಅಣೆಕಟ್ಟೇ ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯಲ್ಲಿ ಕಡಲು ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಕೆಳಗಿನ ಹೊಳೆಯಲ್ಲಿ ಭರತಿ, ಇಳಿತದ್ದೇ ಕಾರುಬಾರು.

ತಮ್ಮ ಅಮೆರಿಕದ ಒರೆಗಾನ್‌ನಲ್ಲಿದ್ದಾನೆ. ಅಲ್ಲಿ ಸ್ಟೀಲ್‌ಹೆಡ್ ಅನ್ನುವ ಮೀನು ಹಿಡಿಯುವ ಹುಚ್ಚು ಅವನಿಗೆ. ಹಿಂದಿನ ರಾತ್ರಿ ಫೋನಿನಲ್ಲಿ ಒಂದೇ ಮಾತು ಹೇಳಿದ: "ಅಣ್ಣಾ, ಗೊತ್ತಿಲ್ಲದ ಹೊಳೆ. ಮೊದಲ ಒಂದು ಗಂಟೆ ಸುಮ್ನೆ ನೀರು ನೋಡು." ನಾನು ಕೇಳಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಬಾಡಿಗೆ ದೋಣಿ ಹತ್ತಿ ಗಾಳ ಹಾಕಿದೆ. ಮೂರು ತಾಸು ಒಂದು ಮೀನೂ ಮುಟ್ಟಲಿಲ್ಲ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ ಸಿಕ್ಕಿ ಎರಡು ಗಾಳ ಹೋದವು.

ದೋಣಿ ನಡೆಸುತ್ತಿದ್ದ ಅಜ್ಜ ಅಷ್ಟೊತ್ತೂ ಏನೂ ಅಂದಿರಲಿಲ್ಲ. ಕಾರವಾರದ ಲೆಕ್ಕದಲ್ಲಿ 11.30ಕ್ಕೆ ನೀರು ತಿರುಗಬೇಕಿತ್ತು. ಇಲ್ಲಿ ಇನ್ನೂ ಏರುತ್ತಲೇ ಇತ್ತು. ಕಡಲಿನ ಭರತಿ ಇಷ್ಟು ಒಳಗೆ ಬರಲು ಹೊತ್ತು ಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ.

"ತಮಾ, ಗಜನಿ ನೀರು ಹೊರಗೆ ಬರಲಿ, ತಡಿ" ಅಂದರು ಅಜ್ಜ. ಗಜನಿ ಅಂದರೆ ಹೊಳೆ ದಂಡೆಯ ಉಪ್ಪು ನೀರಿನ ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತ ಕೊಯ್ದು ಮುಗಿದಿತ್ತು ಅಲ್ಲಿ. ಗದ್ದೆಗೆ ನೀರು ಹೋಗಿ ಬರುವ ಕಟ್ಟೆಯ ಬಾಗಿಲ ಹತ್ತಿರ ದೋಣಿ ನಿಲ್ಲಿಸಿ, ಅವಲಕ್ಕಿ ಬಿಚ್ಚಿ ನನಗೂ ಕೊಟ್ಟರು. ಇಳಿತ ಶುರುವಾದಾಗ ಬಾಗಿಲಿನಿಂದ ಕಂದು ನೀರು ನುಗ್ಗಿತು. ಅದರ ಜೊತೆ ಶೆಟ್ಲಿ (ಸೀಗಡಿ), ಸಣ್ಣ ಮೀನು. ದೊಡ್ಡ ಮೀನು ಅಲ್ಲೇ ಕಾದಿರುತ್ತದೆ ಅಂದರು.

ಜೀವಂತ ಶೆಟ್ಲಿ ಚುಚ್ಚಿ ಬಿಟ್ಟೆ. ಐದು ನಿಮಿಷವೂ ಆಗಿರಲಿಲ್ಲ, ರೀಲ್ ಕಿರುಚಿತು. ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿತು. ಚೊಣಕ! ಹೊಳೆ ಬಾಯಲ್ಲಿ ಬೇಟೆಯಾಡುವ ದೊಡ್ಡ ಮೀನು. ನೇರ ಕಾಂಡ್ಲಾ ಬೇರಿನ ಕಡೆ ಓಡಿತು. ಆ ಬೇರಿಗೆಲ್ಲ ಕಲ್ವ (ಚೂಪು ಅಂಚಿನ ಚಿಪ್ಪು) ಮೆತ್ತಿಕೊಂಡಿರುತ್ತದೆ, ದಾರ ತಾಗಿದರೆ ಕಡಿದು ಹೋಗುತ್ತದೆ. ಅಜ್ಜ ಒಂದೇ ತಳ್ಳಿಗೆ ದೋಣಿಯನ್ನು ನಡು ಹೊಳೆಗೆ ತಂದರು. ಇಲ್ಲದಿದ್ದರೆ ಮೀನು ಕೈ ತಪ್ಪುತ್ತಿತ್ತು. ನನ್ನ ತೊಡೆಯಷ್ಟು ದಪ್ಪ ಇತ್ತು ಅದು.

ಸ್ಟೀಲ್‌ಹೆಡ್ ಸಿಹಿ ನೀರಿನಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆ ಇಡಲು ಹೊಳೆಗೆ ವಾಪಸ್ ಬರುತ್ತದೆ. ಚೊಣಕ ಉಲ್ಟಾ. ಮೊಟ್ಟೆ ಇಡಲು ಅದಕ್ಕೆ ಉಪ್ಪು ನೀರೇ ಬೇಕು. ಇನ್ನೊಂದು ಸಂಗತಿ ಇದೆ. ಮೊದಲು ಗಂಡಾಗಿ ಬಲಿತು, ವರ್ಷಗಳು ಕಳೆದ ಮೇಲೆ ಹೆಣ್ಣಾಗುತ್ತದೆ. ದೊಡ್ಡ ಚೊಣಕ ಅಂದರೆ ಬಹುತೇಕ ಹೆಣ್ಣೇ. ಕಾಳಿಯಲ್ಲೂ ನಾನು ದೊಡ್ಡದನ್ನು ಇಟ್ಟುಕೊಳ್ಳುವುದಿಲ್ಲ.

ನೀರಿಗೆ ಬಿಡುತ್ತೇನೆ ಅಂದಾಗ ಅಜ್ಜನ ಮುಖ ಸಣ್ಣದಾಯಿತು. "ಕುಮಟಾ ಪೇಟೆಲಿ ಇದಕ್ಕೆ ಎಷ್ಟು ಕೊಡ್ತಾರೆ, ಗೊತ್ತಿದ್ದಾ?" ಅಂದರು. ಗೊತ್ತಿತ್ತು. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಬಾಲ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದೆ. ಉಸಿರು ಹಿಡಿಯಲು ಸುಮಾರು ಹೊತ್ತು ಬೇಕಾಯಿತು. ಆಮೇಲೆ ಕೈ ಕೊಡವಿ ಹೋಯಿತು.

ಸಂಜೆಯೊಳಗೆ ಸಣ್ಣವು ಎರಡು ಸಿಕ್ಕವು. ಎರಡನ್ನೂ ಅಜ್ಜನಿಗೇ ಕೊಟ್ಟೆ, ದೋಣಿ ಬಾಡಿಗೆಯ ಮೇಲೆ ಇನ್ನಷ್ಟು ದುಡ್ಡು ಸೇರಿಸಿದೆ. ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡರು. ದಡಕ್ಕೆ ಬಂದ ಮೇಲೆ ನೋಟ್‌ಬುಕ್ ತೆಗೆದು ಬರೆದುಕೊಂಡೆ: "ಮಿರ್ಜಾನ್, ಕಾರವಾರಕ್ಕಿಂತ ಒಂದು ತಾಸು ತಡ." ಅಜ್ಜ ಇಣುಕಿ ನೋಡಿದರು. "ಹುಣ್ಣಿಮೆಗೂ ಬಾ" ಅಂದರು.