ಜೇಕಿನ ಗಡ್ಡೆ ಹೇಳಿದ ಅರ್ಧ ಸತ್ಯ

ದೀಪಾವಳಿಗೆ ಊರಿಗೆ ಹೋಗಿದ್ದಾಗ ಬದುವಿನ ಮೇಲೆ ಕೂತು ಅಪ್ಪ ಕೇಳಿದ: "ಏನವಾ, ನಾಕು ವರ್ಷ ಆತು. ಆ ಲಿವರ್ ಕ್ಯಾನ್ಸರಿಗೆ ಔಷಧ ಯಾಕ ನಾಟಂಗಿಲ್ಲ ಅನ್ನೋದು ತಿಳೀತೇನು?" ರಾಣೆಬೆನ್ನೂರು ಕಡೆಯವರು ನಾವು. ಗೋವಿನಜೋಳ ಮುರಿದಾಗಿತ್ತು, ಸಾಲಿನ ನಡುವೆ ಜೇಕಿನ ಕಳೆ ಮಾತ್ರ ಹಸಿರಾಗಿ ನಿಂತಿತ್ತು. ಒಂದನ್ನು ಹಿಡಿದು ಜಗ್ಗಿದೆ. ಎಲೆ ಕೈಗೆ ಬಂತು, ಗಡ್ಡೆ ನೆಲದಲ್ಲೇ ಉಳಿಯಿತು. "ಇಷ್ಟ ನೋಡಪಾ" ಅಂದೆ. "ಇದನ್ನ ಕಲಿಯಾಕ ಬೆಂಗಳೂರಿಗೆ ಹೋಗಬೇಕಿತ್ತೇನು?" ಅಂತ ನಕ್ಕ.

ನಗೋ ಮಾತೇ. ಕ್ಯಾನ್ಸರ್ ಕಾಂಡಕೋಶ (ಸ್ಟೆಮ್ ಸೆಲ್) ಅಂದರೆ ಈ ಗಡ್ಡೆಯಂಥದ್ದು: ಸಂಖ್ಯೆಯಲ್ಲಿ ಕಡಿಮೆ, ಔಷಧಕ್ಕೆ ಜಗ್ಗುವುದಿಲ್ಲ, ಮತ್ತೆ ಚಿಗುರುತ್ತದೆ. (ಜೇಕಿನ ಗಡ್ಡೆ ಬೇರಲ್ಲ, ನೆಲದೊಳಗಿನ ಕಾಂಡವೇ. ಹಾಗಾಗಿ 'ಕಾಂಡಕೋಶ' ಅನ್ನುವ ಪದ ನನಗೆ ಇನ್ನಷ್ಟು ಇಷ್ಟ.)

ಪ್ರಯೋಗಾಲಯದ ನನ್ನ ಫ್ಲಾಸ್ಕಿನಲ್ಲಿರುವ ಔಷಧ ಸೊರಾಫೆನಿಬ್. ಲಿವರ್ ಕ್ಯಾನ್ಸರಿಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದರ ಹಿಂದಿದ್ದ ದೊಡ್ಡ ಪ್ರಯೋಗದಲ್ಲಿ 602 ರೋಗಿಗಳಿದ್ದರು. ಔಷಧ ತಗೊಂಡವರು ಬದುಕಿದ ಮಧ್ಯಮ ಅವಧಿ 10.7 ತಿಂಗಳು, ತಗೊಳ್ಳದವರದು 7.9. ಮೂರು ತಿಂಗಳೂ ತುಂಬಲಿಲ್ಲ, ಆದರೂ ಅದೇ ದೊಡ್ಡ ಸುದ್ದಿಯಾಯಿತು. 2020ರ ಹೊತ್ತಿಗೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧವೂ ಸೇರಿದ ಜೋಡಿ ಬಂತು, ಸ್ಥಿತಿ ಸುಧಾರಿಸಿತು. ಕ್ಯಾನ್ಸರ್ ಮರಳುವುದು ಮಾತ್ರ ನಿಂತಿಲ್ಲ.

ನಾನು ಬೆಳೆಸುವ ಕೋಶಗಳ ಹೆಸರು ಹುಹ್7. ಜಪಾನಿನ ಒಬ್ಬ ರೋಗಿಯ ಕ್ಯಾನ್ಸರ್ ಗಂಟಿನಿಂದ 1982ರಲ್ಲಿ ತೆಗೆದಿದ್ದು, ಇವತ್ತಿಗೂ ಬೆಳೆಯುತ್ತಲೇ ಇವೆ. ಅವಕ್ಕೆ ಔಷಧ ರೂಢಿ ಮಾಡಿಸಬೇಕು. ಒಂದು ಮೈಕ್ರೋಮೋಲಾರಿನಿಂದ (ಇದು ದ್ರವದಲ್ಲಿ ಔಷಧ ಎಷ್ಟು ಗಟ್ಟಿ ಅನ್ನುವ ಅಳತೆ) ಶುರು, ಮುಕ್ಕಾಲು ಪಾಲು ಸಾಯುತ್ತವೆ, ಉಳಿದವು ತಟ್ಟೆ ತುಂಬುವವರೆಗೆ ಕಾಯುವುದು, ಮತ್ತೆ ಸ್ವಲ್ಪ ಏರಿಸುವುದು. ಐದನೇ ತಿಂಗಳಲ್ಲಿ ಒಂದು ಸೋಮವಾರ ಇನ್ಕ್ಯುಬೇಟರಿನ ಬಾಗಿಲು ತೆಗೆದರೆ ಕೋಶ ಬೆಳೆಸುವ ದ್ರವಕ್ಕೆ (ಮೀಡಿಯಂ) ಈರುಳ್ಳಿ ಸಿಪ್ಪೆಯ ಬಣ್ಣ! ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಶನಿವಾರವೇ ಖಾಲಿಯಾಗಿ ಮೀಡಿಯಂ ಕ್ಷಾರವಾಗಿತ್ತು. ಸಿಲಿಂಡರಿನ ಮುಳ್ಳು ಕೆಳಗಿಳಿದದ್ದನ್ನು ಶುಕ್ರವಾರ ನೋಡಿಯೂ 'ನಾಳೆ ಹೇಳೋಣ' ಅಂದವಳು ನಾನೇ. ಫ್ರೀಜರಿನಲ್ಲಿಟ್ಟ ಹಳೇ ಕೋಶ ಕರಗಿಸಿ ಎರಡು ತಿಂಗಳು ಹಿಂದಿನಿಂದ ಶುರು ಮಾಡಿದೆ.

ಕೊನೆಗೆ ಬದುಕುಳಿದವನ್ನು, ಅಂಟಿಕೊಳ್ಳಲು ಬಿಡದ ತಟ್ಟೆಯಲ್ಲಿ, ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ) ಇಲ್ಲದೆ ಹಾಕಿದೆ. ಸಾಮಾನ್ಯ ಕೋಶ ಇಲ್ಲಿ ಸಾಯುತ್ತದೆ. ಕಾಂಡಕೋಶದ ಗುಣವಿದ್ದದ್ದು ರವೆ ಉಂಡೆಯ ಹಾಗೆ ಗುಂಡಗೆ ಕಟ್ಟಿಕೊಳ್ಳುತ್ತದೆ. ಔಷಧ ಉಂಡ ತಟ್ಟೆಯಲ್ಲಿ ಉಂಡೆ ಕಣ್ಣಿಗೆ ಹೊಡೆಯುವಷ್ಟು ಜಾಸ್ತಿ.

ಇವನ್ನು ಗುರುತಿಸಲು ಮೈಮೇಲಿನ ಪ್ರೋಟೀನುಗಳೇ ಚಹರೆ. ಸಿಡಿ133 ಬಗ್ಗೆ 2007ರಲ್ಲಿ ಹಾಂಗ್‌ಕಾಂಗ್ ತಂಡ ಬರೆಯಿತು. 2011ರಲ್ಲಿ ಅಲ್ಲಿಂದಲೇ ಸಿಡಿ24 ಬಂತು: ಅದು ಸ್ಟ್ಯಾಟ್3 ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಸ್ಟ್ಯಾಟ್3 ನ್ಯಾನಾಗ್ ಜೀನನ್ನು ಎಬ್ಬಿಸುತ್ತದೆ, ಕೋಶ ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುತ್ತದೆ. ನನಗೆ ಅಚ್ಚುಮೆಚ್ಚು 2010ರಲ್ಲಿ ಜಪಾನಿನವರು ತೋರಿಸಿದ ಸಿಡಿ13. ಇದಿರುವ ಕೋಶ ಮಲಗಿರುತ್ತದೆ. ಕೀಮೋ ಹೊಡೆಯುವುದು ಹೆಚ್ಚಾಗಿ ಒಡೆದು ಬೆಳೆಯುತ್ತಿರುವವನ್ನು, ಮಲಗಿದ್ದು ಪಾರಾಗುತ್ತದೆ. ಜೊತೆಗೆ ಒಳಗಿನ ಆಮ್ಲಜನಕದ ವಿಷವನ್ನೂ ಸಿಡಿ13 ಇಳಿಸಿಡುತ್ತದೆ. ಇಲಿಗಳಲ್ಲಿ ಸಿಡಿ13 ತಡೆಯುವ ಉಬೆನಿಮೆಕ್ಸನ್ನು ಕೀಮೋ ಜೊತೆ ಕೊಟ್ಟಾಗ ಕ್ಯಾನ್ಸರ್ ಗಂಟು ಹೆಚ್ಚು ಕುಗ್ಗಿತು.

ಇಲ್ಲಿಯವರೆಗೂ ಅಪ್ಪನ ಹೊಲದ ಲೆಕ್ಕ ಸರಿ. ತಪ್ಪಿದ್ದು ಆಮೇಲೆ. ಕೋಶ ವಿಂಗಡಿಸುವ ಯಂತ್ರ ಸಾರ್ಟರಿನಲ್ಲಿ ಸಿಡಿ133 ಇರುವವನ್ನೆಲ್ಲ ಬೇರ್ಪಡಿಸಿ, ಇಲ್ಲದವನ್ನು ಮಾತ್ರ ಬೆಳೆಸಿದೆ. ಮೂರು ವಾರಕ್ಕೆ ನೋಡಿದರೆ ಸಿಡಿ133 ಮತ್ತೆ ಹಾಜರ್! 2017ರಲ್ಲಿ ಟೋಕಿಯೋದ ತಂಡ ಕರುಳಿನ ಕ್ಯಾನ್ಸರಿನಲ್ಲಿ ಇಂಥದ್ದನ್ನೇ ತೋರಿಸಿತ್ತು: ಕಾಂಡಕೋಶಗಳನ್ನು ಆರಿಸಿ ಕೊಂದರೆ ಕ್ಯಾನ್ಸರ್ ಗಂಟು ಕುಗ್ಗಿತು, ಆಮೇಲೆ ಉಳಿದ ಕೋಶಗಳೇ ಆ ಜಾಗಕ್ಕೆ ಬಂದು ಕೂತವು. ಎಲೆಯೇ ಗಡ್ಡೆಯಾಗುವ ಜೇಕು ಯಾವ ಹೊಲದಲ್ಲೂ ಇಲ್ಲ.

ಹಾಗಾದರೆ ಸೊರಾಫೆನಿಬ್ ಮೊದಲೇ ಇದ್ದ ಗಡ್ಡೆಗಳನ್ನು ಉಳಿಸುತ್ತಿದೆಯೋ, ಹೊಸದಾಗಿ ಮಾಡಿಸುತ್ತಿದೆಯೋ? ರೋಗಿಯ ದೇಹದಲ್ಲಿ ಅದು ಕ್ಯಾನ್ಸರ್ ಗಂಟಿಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತದೆ. ಆಮ್ಲಜನಕ ಕೊರತೆಯಾದರೆ ಹಿಫ್ ಪ್ರೋಟೀನ್ ಏರುತ್ತದೆ, ಅದು ಕೋಶವನ್ನು ಕಾಂಡಕೋಶದ ಗುಣದತ್ತ ತಳ್ಳುತ್ತದೆ. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಆದರೆ ಗೈಡ್ ಮೇಡಂ ಕೇಳಿದ್ದು ಒಂದೇ ಮಾತು: "ಸಾರ್ಟಿಂಗ್ ಎಷ್ಟು ಶುದ್ಧ?" ನೂರಕ್ಕೆ ತೊಂಬತ್ತೇಳು. ಉಳಿದ ಮೂರೇ ಬೆಳೆದು ಮೋಸ ಮಾಡಿರಬಹುದಲ್ಲ.

ಅದಕ್ಕೇ ಈಗ 96 ಗುಳಿಗಳ ತಟ್ಟೆಯಲ್ಲಿ ಸಿಡಿ133 ಇಲ್ಲದವನ್ನು ಗುಳಿಗೊಂದು ಕೋಶ ಬೀಳಲಿ ಅಂತ ಹಾಕಿದ್ದೇನೆ. ಮೊನ್ನೆ ರಾತ್ರಿ ಮೈಕ್ರೋಸ್ಕೋಪಿನಡಿ ಒಂದೊಂದೇ ಗುಳಿ ನೋಡಿ ಗುರುತು ಹಾಕಿಕೊಂಡೆ: 29ರಲ್ಲಿ ಒಂದೇ ಒಂದು ಕೋಶ, ಉಳಿದವು ಖಾಲಿ ಅಥವಾ ಜೋಡಿ. ಆ ಒಂಟಿ ಕೋಶಗಳ ಸಂತಾನದಲ್ಲಿ ಸಿಡಿ133 ಬಂತೇ ಅಂತ ಬಣ್ಣ ಹಚ್ಚಿ ನೋಡಲು ಇನ್ನೂ ನಾಲ್ಕು ವಾರ ಬೇಕು.